ಕಣ್ಣು ಮಿಟುಕಿಸ್ತಾನೆ, ಎಲ್ಲೋ ನೋಡ್ತಾ ಕೂರ್ತಾನೆ, ಬರೆದಿದ್ದನ್ನೆಲ್ಲ ಅಳಿಸ್ತಾನೆ: ಇದು ಯಾವ ಕಾಯಿಲೆ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಮಂಡ್ಯದಲ್ಲಿ ಇಂಗ್ಲಿಷ್ ಮೀಡಿಯಂ ಶಾಲೆ, ನಾಲ್ಕನೇ ಕ್ಲಾಸು. ಒಂದನೇ ಕ್ಲಾಸಿನಲ್ಲಿದ್ದಾಗ ಕಣ್ಣು ಪಟಪಟ ಮಿಟುಕಿಸುತ್ತಿದ್ದ. ಅದು ಹೋಗಿ ಭುಜ ಕುಣಿಸಲು ಶುರು ಮಾಡಿದ. ಈಗ ಗಂಟಲಲ್ಲಿ ‘ಹ್ಞುಂ ಹ್ಞುಂ’ ಅಂತ ಸದ್ದು. ಕ್ಲಾಸಿನಲ್ಲಿ ಕರೆದರೆ ತಿರುಗುವುದಿಲ್ಲ, ಎಲ್ಲೋ ನೋಡುತ್ತಾ ಕೂರುತ್ತಾನೆ ಅಂತ ಮಿಸ್ಸು ಡೈರಿಯಲ್ಲಿ ಬರೆಯುತ್ತಾರೆ. ಹೋಂವರ್ಕಿಗೆ ಕೂತರೆ ಬರೆದು ಅಳಿಸಿ, ಬರೆದು ಅಳಿಸಿ ಹಾಳೆಯೇ ತೂತು. ಸಂಜೆ ಹೊತ್ತು ಸಿಟ್ಟು ಜಾಸ್ತಿ. ಒಬ್ಬ ಡಾಕ್ಟರು ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಅಂದು ಮಾತ್ರೆ ಬರೆದುಕೊಟ್ಟರು, ಇನ್ನೂ ಶುರು ಮಾಡಿಲ್ಲ. ಇನ್ನೊಬ್ಬರು ಬರೀ ಟಿಕ್, ತಾನಾಗೇ ಹೋಗುತ್ತದೆ ಅಂದರು. ನಮ್ಮ ನಾದಿನಿ ನರ್ಸು, ಅವಳು ಆಟಿಸಂ ಇರಬಹುದು ಅನ್ನುತ್ತಾಳೆ. ಅತ್ತೆಯವರು ದೃಷ್ಟಿ ಆಗಿದೆ ಅಂತ ತಾಯತ ಕಟ್ಟಿಸಿದ್ದಾರೆ. ನಮ್ಮದು ಸಂಬಂಧದಲ್ಲೇ ಆದ ಮದುವೆ, ಸೋದರತ್ತೆ ಮಗನನ್ನೇ ಆಗಿದ್ದು. ಅದಕ್ಕೇ ಹೀಗಾಯಿತಾ? ತಲೆ ಸ್ಕ್ಯಾನ್ ಮಾಡಿಸಬೇಕಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ, ವಿವರ ಆಮೇಲೆ. ಇದೆಲ್ಲಕ್ಕೂ ಒಂದೇ ಹೆಸರು ಹುಡುಕಬೇಡಿ. ಕಣ್ಣು, ಭುಜ, ಗಂಟಲ ಸದ್ದು ಇವು ಟಿಕ್ (ತನಗೆ ತಾನೇ ಮತ್ತೆ ಮತ್ತೆ ಬರುವ ಚಲನೆ ಅಥವಾ ಸದ್ದು) ಅನ್ನುವುದರಲ್ಲಿ ನನಗೆ ಹೆಚ್ಚು ಅನುಮಾನ ಇಲ್ಲ. ಎಲ್ಲೋ ನೋಡುತ್ತಾ ಕೂರುವುದು ಏನು ಅಂತ ಇನ್ನೂ ಯಾರೂ ಸರಿಯಾಗಿ ನೋಡಿಯೇ ಇಲ್ಲ, ಅದು ಮೊದಲು ಇತ್ಯರ್ಥ ಆಗಬೇಕು. ಬರೆದು ಬರೆದು ಅಳಿಸುವ ಆ ರಬ್ಬರಿನ ವಿಷಯ ಬೇರೆ, ಅದಕ್ಕೆ ಮಗನನ್ನೇ ಕೇಳಬೇಕು. ಅಲ್ಲಿಯವರೆಗೆ ಆ ಮಾತ್ರೆ ಬೀರುವಿನಲ್ಲೇ ಇರಲಿ.

ಮೂರು ಜನ ಮೂರು ಥರ ಹೇಳಿದರು ಅಂತ ಅವರ ಮೇಲೆ ಸಿಟ್ಟಾಗಬೇಡಿ. ಒಬ್ಬರು ಶಾಲೆಯ ಡೈರಿ ಓದಿದರು, ಒಬ್ಬರು ಗಂಟಲ ಸದ್ದು ಕೇಳಿದರು, ನಾದಿನಿ ಕರೆದರೂ ತಿರುಗದ ಹುಡುಗನನ್ನು ನೋಡಿದರು. ಮಕ್ಕಳ ಮಿದುಳಿಗೆ ತೊಂದರೆ ಆದಾಗ ಅದು ಹೊರಗೆ ತೋರಿಸುವುದು ಕೆಲವೇ ಕೆಲವು ಚಿಹ್ನೆ. ಕೂತಲ್ಲಿ ಕೂರುವುದಿಲ್ಲ, ಹೇಳಿದ್ದು ಕೇಳುವುದಿಲ್ಲ, ಮಾಡಿದ್ದೇ ಮಾಡುತ್ತದೆ, ಸಿಟ್ಟು ಮಾಡುತ್ತದೆ, ಮಾತಾಡುವುದಿಲ್ಲ. ಅಷ್ಟೇ. ಹಿಂದಿರುವ ಕಾರಣಗಳು ಮಾತ್ರ ಹತ್ತಾರು. ಅದಕ್ಕೇ ಬರೀ ಚಿಹ್ನೆ ನೋಡಿ ಹೆಸರಿಡಲು ಹೋದರೆ ಯಾರಾದರೂ ಎಡವುತ್ತಾರೆ. ನಾನು ಕೇಳುವ ಪ್ರಶ್ನೆಗಳು ಬೇರೆ: ಯಾವಾಗ ಶುರುವಾಯಿತು, ಎಲ್ಲೆಲ್ಲಿ ಆಗುತ್ತದೆ, ಹೇಗೆ ಶುರುವಾಗಿ ಹೇಗೆ ನಿಲ್ಲುತ್ತದೆ, ಆ ಹೊತ್ತಿನಲ್ಲಿ ಮಗುವಿಗೆ ಒಳಗೆ ಏನನ್ನಿಸುತ್ತದೆ, ಮೊದಲು ಬರುತ್ತಿದ್ದದ್ದು ಏನಾದರೂ ಈಗ ಬರದಂತಾಗಿದೆಯಾ. ಕೊನೆಯದಕ್ಕೆ ಹೌದು ಅಂತ ಉತ್ತರ ಬಂದರೆ ನಾನು ಉಳಿದದ್ದೆಲ್ಲ ಬದಿಗಿಟ್ಟು ಅದರ ಹಿಂದೆ ಹೋಗುತ್ತೇನೆ.

ಈಗ ಆ ‘ಎಲ್ಲೋ ನೋಡುವುದು’. ಗಮನ ಕಡಿಮೆ ಇರುವ ಮಗು ಕಿಟಕಿ ಆಚೆ ನೋಡುತ್ತಾ ಕೂರುತ್ತದೆ. ಫಿಟ್ಸ್ ಬರುವ ಮಗುವೂ ಹಾಗೇ ಕೂರುತ್ತದೆ. ಫಿಟ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ಬಿದ್ದು ಒದ್ದಾಡುವುದು, ಬಾಯಲ್ಲಿ ನೊರೆ, ಕೈಗೆ ಕಬ್ಬಿಣ ಕೊಡುವುದು, ಅಲ್ವಾ? (ಕಬ್ಬಿಣದಿಂದ ಏನೂ ಆಗುವುದಿಲ್ಲ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, 5 ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಿ.) ಆದರೆ ಆಬ್ಸೆನ್ಸ್ ಅನ್ನುವ ಫಿಟ್ಸಿನಲ್ಲಿ ಇದ್ಯಾವುದೂ ಇರುವುದಿಲ್ಲ. ಮಾತಾಡುತ್ತಿದ್ದ ಮಗು ಪದದ ಮಧ್ಯದಲ್ಲಿ ನಿಂತುಬಿಡುತ್ತದೆ. ನೋಟ ಖಾಲಿ. ರೆಪ್ಪೆ ಸಣ್ಣಗೆ ಅದುರಬಹುದು, ತುಟಿ ಆಡಿಸಬಹುದು. ಹತ್ತು ಸೆಕೆಂಡು, ಕೆಲವೊಮ್ಮೆ ಇಪ್ಪತ್ತು. ಆಮೇಲೆ ಏನೂ ಆಗದವರ ಹಾಗೆ ಬಿಟ್ಟ ಕೆಲಸ ಮುಂದುವರಿಸುತ್ತದೆ, ನಡುವೆ ಒಂದಷ್ಟು ಹೊತ್ತು ಕಳೆದುಹೋಯಿತು ಅನ್ನುವುದು ಅದಕ್ಕೇ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ 4ರಿಂದ 10 ವರ್ಷದ ಒಳಗೆ ಶುರುವಾಗುತ್ತದೆ, ದಿನಕ್ಕೆ ಹತ್ತಾರು ಸಲ ಬರಬಹುದು. ಪಾಠದ ಅಷ್ಟು ತುಣುಕು ಕಳೆದುಕೊಂಡ ಮಗುವಿಗೆ ಭಾಗಾಕಾರ ಅರ್ಥವಾಗುವುದಾದರೂ ಹೇಗೆ? ಮಿಸ್ಸಿನ ಲೆಕ್ಕದಲ್ಲಿ ಅದು ಸೋಮಾರಿತನ.

ಎರಡನ್ನೂ ಬೇರೆ ಮಾಡುವುದು ಅಷ್ಟೇನೂ ಕಷ್ಟ ಅಲ್ಲ, ಆದರೆ ನೋಡುವವರು ಹತ್ತಿರ ಇರಬೇಕು. ಹಗಲುಗನಸು ಕಾಣುವ ಮಗು ಬೇಜಾರಾದಾಗ ಮಾತ್ರ ಕಾಣುತ್ತದೆ. ಇಷ್ಟದ ಕೆಲಸದ ಮಧ್ಯೆ, ಬಾಯಲ್ಲಿ ತುತ್ತು ಇಟ್ಟುಕೊಂಡು, ಕ್ರಿಕೆಟ್ಟಿನಲ್ಲಿ ಬಾಲ್ ಬರುತ್ತಿರುವಾಗ ಯಾರೂ ಹಗಲುಗನಸು ಕಾಣುವುದಿಲ್ಲ. ಫಿಟ್ಸಿಗೆ ಇಷ್ಟ ಕಷ್ಟದ ಭೇದ ಇಲ್ಲ. ಇನ್ನೊಂದು, ಭುಜ ಮುಟ್ಟಿ ಅಲುಗಿಸಿದರೆ ಕನಸು ಒಡೆಯುತ್ತದೆ. ಫಿಟ್ಸ್ ತನ್ನ ಹೊತ್ತು ಮುಗಿಸಿಕೊಂಡೇ ಹೋಗುತ್ತದೆ. ನಿಮ್ಮ ಮಿಸ್ಸು ಕರೆದರೆ ತಿರುಗುವುದಿಲ್ಲ ಅಂದಿದ್ದಾರೆ, ಮುಟ್ಟಿದರೆ ತಿರುಗುತ್ತಾನಾ ಅಂತ ಬರೆದಿಲ್ಲ. ನಾಳೆಯೇ ಕೇಳಿ. ಮನೆಯಲ್ಲಿ ಊಟದ ಹೊತ್ತು ನೀವೂ ಗಮನಿಸಿ.

ಕ್ಲಿನಿಕ್ಕಿನಲ್ಲಿ ನಾವು ಮಾಡುವುದು ಬಹಳ ಸಾದಾ ಪರೀಕ್ಷೆ. ಮಗುವಿನ ಕೈಗೆ ಒಂದು ಕಾಗದ ಕೊಟ್ಟು ಅದು ಹಾರುವ ಹಾಗೆ ಜೋರಾಗಿ ಉಸಿರು ಬಿಡು ಅನ್ನುತ್ತೇವೆ, 3 ನಿಮಿಷ. ಆಬ್ಸೆನ್ಸ್ ಇದ್ದು ಇನ್ನೂ ಔಷಧಿ ಶುರುವಾಗಿರದ ಮಗುವಾದರೆ ಹೆಚ್ಚಿನ ಸಲ ನಮ್ಮ ಮುಂದೆಯೇ ಊದುವುದು ನಿಂತು ಕಣ್ಣು ಖಾಲಿಯಾಗುತ್ತದೆ. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ, ಉಬ್ಬಸ ಅಥವಾ ಹೃದಯದ ತೊಂದರೆ ಇರುವ ಮಕ್ಕಳಿಗೆ ಒಳ್ಳೆಯದಲ್ಲ. ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ತೆಗೆಯುವಾಗ ಇದೇ ಊದಿಸುವುದನ್ನು ಮಾಡಿಸಿದರೆ ಸೆಕೆಂಡಿಗೆ 3 ಸಲದಂತೆ ಏಳುವ ಅಲೆಗಳು ಕಾಗದದ ಮೇಲೆ ಬರುತ್ತವೆ, ನೋಡಿದವರಿಗೆ ಮರೆಯುವುದಿಲ್ಲ. ಮಗು ನಿದ್ದೆ ಮಾಡುತ್ತಿತ್ತು, ಊದಿಸಲಿಲ್ಲ, ರಿಪೋರ್ಟು ನಾರ್ಮಲ್ ಬಂತು ಅಂದರೆ ನಾನು ಒಪ್ಪುವುದಿಲ್ಲ, ಇನ್ನೊಮ್ಮೆ ಮಾಡಿಸಿ ಅನ್ನುತ್ತೇನೆ.

ಇಲ್ಲಿ ಒಂದು ಗಂಟು ಇದೆ. ಆಬ್ಸೆನ್ಸ್ ಇರುವ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಗಮನದ ತೊಂದರೆಯೂ ಜೊತೆಗೇ ಇರುತ್ತದೆ. ಫಿಟ್ಸ್ ನಿಂತರೂ ಅದು ಉಳಿಯಬಹುದು. ಔಷಧಿಯೂ ಲೆಕ್ಕಕ್ಕೆ ಬರುತ್ತದೆ. ಎಥೋಸಕ್ಸಿಮೈಡ್, ವಾಲ್ಪ್ರೊಯೇಟ್ ಎರಡೂ ಈ ಫಿಟ್ಸನ್ನು ನಿಲ್ಲಿಸುತ್ತವೆ, ಆದರೆ ಗಮನಕ್ಕೆ ಕಡಿಮೆ ತೊಂದರೆ ಕೊಡುವುದು ಮೊದಲನೆಯದು. ಬೇರೆ ಥರದ ಫಿಟ್ಸಿಗೆ ಚೆನ್ನಾಗಿ ಕೆಲಸ ಮಾಡುವ ಕಾರ್ಬಮಜಪೀನ್ ಇದನ್ನು ಜಾಸ್ತಿಯೇ ಮಾಡಬಹುದು. ಫಿಟ್ಸ್ ಅಂದರಷ್ಟೇ ಸಾಲದು, ಯಾವ ಫಿಟ್ಸು ಅಂತ ಗೊತ್ತಿರಬೇಕು.

ಟಿಕ್ ವಿಷಯಕ್ಕೆ ಬರೋಣ. ನೀವು ಬರೆದಿರುವ ಕಥೆಯೇ ಸಾಕ್ಷಿ: ಕಣ್ಣಿನಿಂದ ಶುರು, ಆಮೇಲೆ ಭುಜ, ಆಮೇಲೆ ಗಂಟಲು. ಒಂದು ಹೋಗುತ್ತದೆ, ಇನ್ನೊಂದು ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಜಾಸ್ತಿ, ದಸರಾ ರಜದಲ್ಲಿ ಕಡಿಮೆ, ಹಾಗಾಗಿಲ್ಲವಾ ನೋಡಿ. ಸಾಮಾನ್ಯವಾಗಿ 4ರಿಂದ 6 ವರ್ಷಕ್ಕೆ ಶುರುವಾಗಿ 10ರಿಂದ 12ರ ಹೊತ್ತಿಗೆ ಜೋರಾಗುತ್ತದೆ, ಹದಿಹರೆಯ ಮುಗಿಯುವಷ್ಟರಲ್ಲಿ ಬಹಳ ಮಕ್ಕಳಲ್ಲಿ ಇಳಿಯುತ್ತದೆ. ಕಣ್ಣಿಗೆ ಅಂತ ಕನ್ನಡಕದ ಅಂಗಡಿ, ಗಂಟಲಿಗೆ ಅಂತ ಅಲರ್ಜಿ ಸಿರಪ್ಪು, ಹೀಗೆ ಎರಡು ವರ್ಷ ಕಳೆದ ಮೇಲೆಯೇ ಹೆಚ್ಚಿನವರು ನಮ್ಮ ಹತ್ತಿರ ಬರುವುದು.

ಟಿಕ್‌ನ ಗುರುತು ಅಂದರೆ ಅದರ ಹಿಂದಿನ ಒತ್ತಡ. ಸೀನು ಬರುವ ಮುಂಚೆ ಮೂಗಿನಲ್ಲಿ ಆಗುತ್ತದಲ್ಲ, ಹಾಗೆ ಆ ಜಾಗದಲ್ಲಿ ಏನೋ ಸೇರಿಕೊಂಡು ಬರುತ್ತದೆ, ಮಾಡಿದ ಮೇಲೆ ಹಗುರ. ಸ್ವಲ್ಪ ಹೊತ್ತು ತಡೆದುಕೊಳ್ಳಬಹುದು. ಈ ತಡೆದುಕೊಳ್ಳುವುದೇ ಮಗುವಿಗೆ ಮುಳುವಾಗುತ್ತದೆ. ‘ಡಾಕ್ಟರ ಮುಂದೆ ಮಾಡಲಿಲ್ಲ, ಅಂದರೆ ಬೇಕಂತಲೇ ಮಾಡ್ತಾನೆ’ ಅಂತ ಅಪ್ಪಂದಿರು ತೀರ್ಪು ಕೊಟ್ಟುಬಿಡುತ್ತಾರೆ. ಬೇಕಂತ ಮಾಡುವುದಲ್ಲ. ಬೈದರೆ, ಹೊಡೆದರೆ, ‘ಮತ್ತೆ ಮಾಡ್ದೆ ನೋಡು’ ಅಂತ ತೋರಿಸಿದರೆ ಜಾಸ್ತಿ ಆಗುತ್ತದೆ.

ಎರಡೋ ಅದಕ್ಕಿಂತ ಹೆಚ್ಚೋ ಮೈಯ ಟಿಕ್, ಒಂದಾದರೂ ಸದ್ದಿನ ಟಿಕ್, 18 ವರ್ಷದ ಒಳಗೆ ಶುರುವಾಗಿ ಒಂದು ವರ್ಷ ದಾಟಿದ್ದರೆ ಅದಕ್ಕೆ ಟುರೆಟ್ ಅಂತ ಹೆಸರು. 1885ರಲ್ಲಿ ಗಿಲ್ ಡ ಲಾ ಟುರೆಟ್ ಅನ್ನುವ ಫ್ರೆಂಚ್ ಡಾಕ್ಟರು ಬರೆದಿದ್ದು. ನಿಮ್ಮ ಮಗನಿಗೆ ಈ ಹೆಸರು ಹೊಂದುತ್ತದೆ. ಗಾಬರಿ ಬೇಡ. ಸಿನಿಮಾದಲ್ಲಿ ತೋರಿಸುವ ಹಾಗೆ ಕೆಟ್ಟ ಮಾತು ಬಾಯಿಂದ ಬರುವುದು ಕೆಲವರಿಗೆ ಮಾತ್ರ. ‘ತಾನಾಗೇ ಹೋಗುತ್ತದೆ’ ಅಂದ ಡಾಕ್ಟರ ಮಾತು ಅರ್ಧ ಸರಿ. ಟಿಕ್ ಬಹುಶಃ ಇಳಿಯುತ್ತದೆ. ಆದರೆ ಟುರೆಟ್ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎಡಿಎಚ್‌ಡಿಯೋ ಒಸಿಡಿಯೋ (ಗೀಳಿನ ಕಾಯಿಲೆ) ಜೊತೆಗಿರುತ್ತದೆ, ಓದಿಗೂ ನೆಮ್ಮದಿಗೂ ಕಲ್ಲು ಹಾಕುವುದು ಹೆಚ್ಚಾಗಿ ಅವೇ. ಟಿಕ್ ಒಂದನ್ನೇ ನೋಡಿ ಕಳಿಸಿದರೆ ಕೆಲಸ ಮುಗಿಯಲಿಲ್ಲ.

ಟಿಕ್ ಥರವೇ ಕಾಣುವ ಒಂದು ಕಾಯಿಲೆ ನಮ್ಮ ಕಡೆ ಇನ್ನೂ ಇದೆ, ಪಟ್ಟಣದ ಯುವ ಡಾಕ್ಟರುಗಳೂ ಕೆಲವೊಮ್ಮೆ ಮರೆಯುತ್ತಾರೆ. ಸಿಡೆನ್‌ಹ್ಯಾಮ್ ಕೊರಿಯಾ. 5ರಿಂದ 15 ವರ್ಷದ ಮಕ್ಕಳು, ಹುಡುಗಿಯರಲ್ಲಿ ಜಾಸ್ತಿ. ಗಂಟಲು ನೋವು ಬಂದು ಹೋಗಿರುತ್ತದೆ, ಮನೆಯವರಿಗೆ ನೆನಪೂ ಇರುವುದಿಲ್ಲ. ಕೆಲವು ವಾರ ಅಥವಾ ತಿಂಗಳು ಕಳೆದ ಮೇಲೆ ಮಗು ಕೈಕಾಲು ಅಲ್ಲಾಡಿಸಲು ಶುರು ಮಾಡುತ್ತದೆ. ಅಕ್ಷರ ಕೆಡುತ್ತದೆ. ಲೋಟ ಕೈಯಿಂದ ಜಾರುತ್ತದೆ. ಕಾರಣ ಇಲ್ಲದೆ ಅಳು, ಸಿಟ್ಟು. ಕೈ ತೊಳೆಯುವ ಗೀಳೂ ಬರಬಹುದು. ಶಾಲೆಯಲ್ಲಿ ಚೇಷ್ಟೆ ಅಂತ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಟಿಕ್‌ಗೂ ಇದಕ್ಕೂ ವ್ಯತ್ಯಾಸ ಏನೆಂದರೆ, ಟಿಕ್‌ನಲ್ಲಿ ಒಂದೇ ಚಲನೆ ಅದೇ ರೀತಿ ಮತ್ತೆ ಮತ್ತೆ ಬರುತ್ತದೆ. ಕೊರಿಯಾದಲ್ಲಿ ಒಂದು ಸಲ ಆದ ಹಾಗೆ ಇನ್ನೊಂದು ಸಲ ಆಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯುತ್ತಾ ಹೋಗುತ್ತದೆ, ತಡೆಯಲು ಬರುವುದಿಲ್ಲ. ನಾಲಿಗೆ ಹೊರಗೆ ಚಾಚಿ ಹಾಗೇ ಹಿಡಿದಿಡು ಅಂದರೆ ಆಗುವುದಿಲ್ಲ, ಸರಕ್ಕನೆ ಒಳಗೆ ಹೋಗುತ್ತದೆ. ನನ್ನ ಬೆರಳು ಬಿಗಿಯಾಗಿ ಹಿಡಿ ಅಂದರೆ ಹಾಲು ಕರೆಯುವವರ ಕೈಯಂತೆ ಬಿಗಿ, ಸಡಿಲ, ಬಿಗಿ, ಸಡಿಲ. ಇದು ಸಂಧಿವಾತ ಜ್ವರದ, ಅಂದರೆ ರುಮ್ಯಾಟಿಕ್ ಫೀವರ್‌ನ ಭಾಗ. ಹೃದಯದ ಕವಾಟಕ್ಕೆ ಪೆಟ್ಟು ಬಿದ್ದಿರಬಹುದು. ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು, ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಬೇಕು. ಇದನ್ನು ‘ಹೈಪರ್’ ಅಂತ ಕರೆದು ಸುಮ್ಮನಾದರೆ ಬೆಲೆ ತೆರುವುದು ಹೃದಯ. ನಿಮ್ಮ ಮಗನಿಗೆ ಮೂರು ವರ್ಷದಿಂದ ಒಂದಾದ ಮೇಲೊಂದು ಬಂದು ಹೋಗುತ್ತಿರುವುದರಿಂದ ನನಗೆ ಇದರ ಅನುಮಾನ ಇಲ್ಲ. ಆದರೂ ಅಕ್ಷರ ಇದ್ದಕ್ಕಿದ್ದಂತೆ ಕೆಟ್ಟಿದೆಯಾ ಅಂತ ಹೋದ ವರ್ಷದ ನೋಟ್‌ಬುಕ್ ತೆಗೆದು ನೋಡಿ.

ಇದೇ ಗಂಟಲಿನ ಸೋಂಕಿನ ಜಾಡಿನಲ್ಲಿ ‘ಪಾಂಡಾಸ್’ ಅನ್ನುವ ಹೆಸರನ್ನು ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬರುವವರೂ ಇದ್ದಾರೆ. 1998ರಲ್ಲಿ ಅಮೆರಿಕದ ಸೂಸನ್ ಸ್ವೀಡೋ ಅವರ ತಂಡ ವರ್ಣಿಸಿದ್ದು. ಗಂಟಲ ಸೋಂಕಿನ ಬೆನ್ನಿಗೇ ಗೀಳು ಅಥವಾ ಟಿಕ್ ಇದ್ದಕ್ಕಿದ್ದಂತೆ, ರಾತ್ರೋರಾತ್ರಿ ಅನ್ನುವ ಹಾಗೆ ಶುರುವಾಗಬೇಕು. ಅದರ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಎಎಸ್‌ಒ ಅನ್ನುವ, ಹಿಂದೆ ಆದ ಗಂಟಲ ಸೋಂಕನ್ನು ತೋರಿಸುವ ರಕ್ತ ಪರೀಕ್ಷೆ ಜಾಸ್ತಿ ಬಂದ ಮಾತ್ರಕ್ಕೆ ಪಾಂಡಾಸ್ ಅಲ್ಲ. ಗಂಟಲು ನೋವು ಬಾರದ ಮಗು ಯಾವುದು ಹೇಳಿ.

ಇನ್ನೆರಡನ್ನು ಬೇಗ ಮುಗಿಸುತ್ತೇನೆ. ಹದಿಹರೆಯದವರಿಗೆ ಬೆಳಗ್ಗೆ ಎದ್ದ ಕೂಡಲೇ ಕೈ ಜರ್ಕ್ ಹೊಡೆದು ಹಲ್ಲುಜ್ಜುವ ಬ್ರಷ್ಷು, ಕಾಫಿ ಲೋಟ ಹಾರಿಹೋಗುತ್ತಿದ್ದರೆ, ಅದರಲ್ಲೂ ರಾತ್ರಿ ನಿದ್ದೆಗೆಟ್ಟಾಗ ಆಗುತ್ತಿದ್ದರೆ, ಅದು ಟಿಕ್ ಅಲ್ಲ, ಒಂದು ಬಗೆಯ ಫಿಟ್ಸ್, ಇಇಜಿ ಬೇಕು. ಮೂರು ವರ್ಷದ ಒಳಗಿನಿಂದಲೇ ಖುಷಿಯಾದಾಗ ಎರಡೂ ಕೈ ರೆಕ್ಕೆ ಬಡಿದ ಹಾಗೆ ಬಡಿಯುವುದು, ಕರೆದರೆ ನಿಲ್ಲಿಸುವುದು, ವರ್ಷಗಟ್ಟಲೆ ಅದೇ ಒಂದೇ ರೀತಿ ಇರುವುದು, ಅದು ಸ್ಟೀರಿಯೋಟೈಪಿ. ಅದರ ಹಿಂದೆ ಒತ್ತಡ ಇಲ್ಲ, ಮಗುವಿಗೆ ಅದು ಹಿತ. ಆಟಿಸಂ ಇರುವ ಮಕ್ಕಳಲ್ಲಿ ಕಾಣುತ್ತದೆ, ಏನೂ ಇಲ್ಲದ ಮಕ್ಕಳಲ್ಲೂ ಕಾಣುತ್ತದೆ.

ರಬ್ಬರು. ನನ್ನ ಮಟ್ಟಿಗೆ ನಿಮ್ಮ ಪತ್ರದಲ್ಲಿ ಅತಿ ಮುಖ್ಯ ಸಾಲು ಇದೇ, ಮೂರೂ ಜನ ಬಿಟ್ಟುಬಿಟ್ಟದ್ದೂ ಇದನ್ನೇ. ರಾತ್ರಿ ಮಲಗುವ ಹೊತ್ತು, ಪಕ್ಕದಲ್ಲಿ ಯಾರೂ ಇಲ್ಲದಾಗ, ಬೈಯುವ ಧ್ವನಿ ಇಲ್ಲದೆ ಕೇಳಿ: ‘ಅಳಿಸದೆ ಹಾಗೇ ಬಿಟ್ರೆ ಏನಾಗುತ್ತೆ ಕಂದ?’ ‘ಮಿಸ್ ಬೈತಾರೆ’ ಅಂದರೆ ಅದು ಶಾಲೆಯ ಭಯ, ಶಾಲೆಯಲ್ಲಿ ಏನಾಗುತ್ತಿದೆ ಅಂತ ನೋಡಬೇಕು. ‘ತಪ್ಪಾಗಿದೆ, ಯಾವುದು ಸರಿ ಅಂತ ಗೊತ್ತಾಗ್ತಿಲ್ಲ’ ಅಂದರೆ, ಬಿ ಮತ್ತು ಡಿ, ಥ ಮತ್ತು ಧ ಅದಲುಬದಲಾಗುತ್ತಿದ್ದರೆ ಕಲಿಕೆಯ ತೊಂದರೆ, ಡಿಸ್ಲೆಕ್ಸಿಯಾ ಕಡೆ ನೋಡಬೇಕು. ‘ಏನೂ ಆಗಲ್ಲ, ಆದ್ರೆ ಸರಿ ಅನ್ನಿಸಲ್ಲ, ಸರಿ ಅನ್ನಿಸೋವರ್ಗೂ ಬರೀಬೇಕು’ ಅಂದರೆ ಅದು ಟಿಕ್ ಮತ್ತು ಒಸಿಡಿ ನಡುವಿನ ಗಡಿ, ಟುರೆಟ್ ಮಕ್ಕಳಲ್ಲಿ ಬಹಳ ಸಾಮಾನ್ಯ. ‘ಅಳಿಸದಿದ್ರೆ ನಿನಗೆ ಏನೋ ಆಗಿಬಿಡುತ್ತೆ ಅಮ್ಮ’ ಅಂದರೆ ಅದು ಒಸಿಡಿ, ಅನುಮಾನವೇ ಬೇಡ. ಹೊರಗೆ ಕಾಣುವ ಕೆಲಸ ಒಂದೇ. ಉತ್ತರ ನಾಲ್ಕು, ದಾರಿಯೂ ನಾಲ್ಕು.

ಒಸಿಡಿ ಇರುವ ಮಗು ಹೊರಗಿನಿಂದ ಎಡಿಎಚ್‌ಡಿ ಹಾಗೇ ಕಾಣುತ್ತದೆ. ಕೆಲಸ ಮುಗಿಸುವುದಿಲ್ಲ, ಕೇಳಿದ್ದಕ್ಕೆ ಉತ್ತರ ಇಲ್ಲ, ಮುಖ ಎಲ್ಲೋ ಇರುತ್ತದೆ. ಎಡಿಎಚ್‌ಡಿ ಮಗುವಿನ ಮನಸ್ಸನ್ನು ಹೊರಗಿನದೆಲ್ಲ ಎಳೆಯುತ್ತದೆ. ಒಸಿಡಿ ಮಗುವಿನ ಮನಸ್ಸು ಒಳಗೇ ಲೆಕ್ಕ ಹಾಕುತ್ತಾ, ಪ್ರಾರ್ಥನೆ ಹೇಳುತ್ತಾ, ಸರಿಪಡಿಸುತ್ತಾ ಸುಸ್ತಾಗಿರುತ್ತದೆ. ಮಡಿ ಮೈಲಿಗೆ ಜಾಸ್ತಿ ಇರುವ ಮನೆಗಳಲ್ಲಿ ಮಗು ದಿನಕ್ಕೆ ಮೂವತ್ತು ಸಲ ಕೈ ತೊಳೆದರೂ ‘ಅಜ್ಜಿ ಥರ’ ಅಂತ ಮೆಚ್ಚಿಕೊಳ್ಳುವುದುಂಟು. ಅಜ್ಜಿಗೆ ಮಡಿ ಮುಗಿದರೆ ನೆಮ್ಮದಿ ಸಿಗುತ್ತದೆ, ಮಗುವಿಗೆ ಸಿಗುವುದಿಲ್ಲ. ಇದಕ್ಕೆ ಚಿಕಿತ್ಸೆ ಇದೆ, ಚೆನ್ನಾಗಿಯೇ ಇದೆ. ಭಯವನ್ನು ಸ್ವಲ್ಪ ಸ್ವಲ್ಪ ಎದುರಿಸಿ ಗೀಳಿನ ಕೆಲಸ ಮಾಡದೆ ಇರುವುದನ್ನು ಕಲಿಸುತ್ತಾರೆ, ಬೇಕಾದರೆ ಸೆರ್ಟ್ರಾಲಿನ್, ಫ್ಲೂಆಕ್ಸೆಟಿನ್ ಥರದ ಮಾತ್ರೆ ಕೊಡುತ್ತಾರೆ. ನೀವು ಮಾಡಬಾರದ್ದು ಒಂದು: ‘ಸರಿ ಇದೆ ಕಣೋ, ಸರಿ ಇದೆ’ ಅಂತ ಪದೇ ಪದೇ ಧೈರ್ಯ ಹೇಳುವುದು. ಆ ಕ್ಷಣಕ್ಕೆ ಸಮಾಧಾನ, ಆದರೆ ಗೀಳು ಅದನ್ನೇ ತಿಂದು ಬೆಳೆಯುತ್ತದೆ.

ಹಾಗಾದರೆ ಎಡಿಎಚ್‌ಡಿ ಇಲ್ಲವಾ? ಇರಬಹುದು. ಆದರೆ ಅದಕ್ಕೂ ನಿಯಮ ಇದೆ. ಮೊದಲ ಚಿಹ್ನೆಗಳು 12 ವರ್ಷದ ಒಳಗೆ ಕಂಡಿರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, ಎರಡು ಕಡೆಯಾದರೂ ಕಾಣಬೇಕು: ಶಾಲೆ, ಮನೆ, ಟ್ಯೂಷನ್ನು, ಮದುವೆ ಮನೆ. ಶಾಲೆಯಲ್ಲಿ ಮಾತ್ರ ಅಂದರೆ ನಾನು ಮೊದಲು ಶಾಲೆಯನ್ನೇ ವಿಚಾರಿಸುತ್ತೇನೆ. ಮನೆಯಲ್ಲಿ ಕನ್ನಡ ಬಿಟ್ಟರೆ ಬೇರೆ ಮಾತೇ ಇಲ್ಲದ ಮಗುವನ್ನು ತಂದು ಇಂಗ್ಲಿಷಿನಲ್ಲಿ ಸೈನ್ಸ್ ಹೇಳಿದರೆ ಅದು ಕಿಟಕಿ ನೋಡದೆ ಇನ್ನೇನು ನೋಡಬೇಕು? ಅದೇ ಪಾಠವನ್ನು ಕನ್ನಡದಲ್ಲಿ ಹೇಳಿದಾಗ ಕಣ್ಣರಳಿಸಿ ಕೇಳಿದರೆ ಅದು ಕಾಯಿಲೆಯಲ್ಲ. ಓದುವ, ಬರೆಯುವ ಹೊತ್ತಿನಲ್ಲಿ ಮಾತ್ರ ಗಮನ ತಪ್ಪುತ್ತದೆ, ಬಾಯಲ್ಲಿ ಕೇಳಿದರೆ ಪಟಪಟ ಉತ್ತರ ಅಂದರೆ ಕಲಿಕೆಯ ತೊಂದರೆ. ರಾತ್ರಿ ಗೊರಕೆ, ಬಾಯಲ್ಲಿ ಉಸಿರು ಅಂದರೆ ಮೂಗಿನ ಹಿಂದಿನ ಅಡಿನಾಯ್ಡ್ ಊದಿರಬಹುದು. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸುತ್ತಾರೆ, ಮಕ್ಕಳು ನಿದ್ದೆಗೆಟ್ಟರೆ ಕುಣಿಯುತ್ತಾರೆ. ಕಿವಿಯಲ್ಲಿ ನೀರು ಸೇರಿ ಅರ್ಧ ಕೇಳಿಸುವ ಮಕ್ಕಳೂ ‘ಕರೆದರೆ ತಿರುಗುವುದಿಲ್ಲ’. ಕಬ್ಬಿಣದ ಅಂಶ ಕಡಿಮೆ, ಥೈರಾಯ್ಡ್ ಏರುಪೇರು, ಇವೆರಡೂ ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತವೆ.

ಐದನೇ ಕ್ಲಾಸಿನವರೆಗೆ ಚೆನ್ನಾಗಿದ್ದ ಮಗು ಏಳನೇ ಕ್ಲಾಸಿನಲ್ಲಿ ಇದ್ದಕ್ಕಿದ್ದಂತೆ ಗಮನ ಕಳೆದುಕೊಂಡರೆ ಎಡಿಎಚ್‌ಡಿ ಅನ್ನುವ ಮುಂಚೆ ಹತ್ತು ಸಲ ಯೋಚಿಸಿ. ಅಲ್ಲಿ ಹುಡುಕಬೇಕಾದ್ದು ಖಿನ್ನತೆ, ಯಾರಾದರೂ ಕಾಟ ಕೊಡುತ್ತಿದ್ದಾರಾ, ಮನೆಯಲ್ಲಿ ಜಗಳವಾ, ಅಥವಾ ನಾನು ಮುಂದೆ ಹೇಳುವ ಗಂಭೀರ ಕಾಯಿಲೆಗಳು. ಮಕ್ಕಳ ಖಿನ್ನತೆ ಅಳುವಿನಲ್ಲಿ ಅಲ್ಲ, ಸಿಡುಕಿನಲ್ಲಿ ಕಾಣುವುದೇ ಜಾಸ್ತಿ.

ಆಟಿಸಂ ಬಗ್ಗೆ ನಾದಿನಿಗೆ ಹೇಳಿ, 6 ವರ್ಷದ ಮೇಲೆ ಹೊಸದಾಗಿ ಶುರುವಾಗುವುದು ಆಟಿಸಂ ಅಲ್ಲ. ಅದರ ಬೇರು ಮೊದಲ ಎರಡು ಮೂರು ವರ್ಷದಲ್ಲೇ ಇರುತ್ತದೆ. ಒಂದೂವರೆ ವರ್ಷಕ್ಕೆ ‘ಅಗೋ ಕಾಗೆ’ ಅಂತ ಬೆರಳು ತೋರಿಸಿ ನಿಮ್ಮ ಮುಖ ನೋಡುತ್ತಿದ್ದನಾ? ಅಡುಗೆ ಆಟ, ಬಸ್ಸಿನ ಕಂಡಕ್ಟರ್ ಆಟ ಆಡುತ್ತಿದ್ದನಾ? ಸ್ನೇಹಿತರು ಇದ್ದಾರಾ, ನೀವು ಬೇಜಾರಾಗಿದ್ದರೆ ಅವನಿಗೆ ಗೊತ್ತಾಗುತ್ತಾ? ಎಲ್ಲಕ್ಕೂ ಹೌದು ಅಂದರೆ ಆ ಚಿಂತೆ ಬಿಡಿ. ಒಂದೇ ಮಗುವಿಗೆ ಆಟಿಸಂ, ಎಡಿಎಚ್‌ಡಿ ಎರಡೂ ಇರಬಹುದು ಅನ್ನುವುದನ್ನು ನಮ್ಮ ವೃತ್ತಿಯ ಅಮೆರಿಕನ್ ಕೈಪಿಡಿ 2013ರವರೆಗೆ ಒಪ್ಪುತ್ತಲೇ ಇರಲಿಲ್ಲ, ಈಗ ಒಪ್ಪುತ್ತದೆ.

ಸಂಜೆ ಸಿಟ್ಟು: ಬೆಳಗ್ಗೆಯಿಂದ ಶಾಲೆಯಲ್ಲಿ ಟಿಕ್ ತಡೆದು, ನಗುವವರ ಮಧ್ಯೆ ಕೂತು ಬಂದ ಮಗುವಿಗೆ ಸಂಜೆ ಮನೆ ಒಂದೇ ಸುರಕ್ಷಿತ ಜಾಗ. ಬಂದ ಕೂಡಲೇ ಪುಸ್ತಕ ತೆಗೆಸಬೇಡಿ. ಒಂದು ಗಂಟೆ ಬಿಡಿ, ತಿನ್ನಲಿ, ಆಡಲಿ, ಟಿಕ್ ಎಷ್ಟು ಬೇಕಾದರೂ ಮಾಡಲಿ.

ಈಗ ಸಂಬಂಧದ ಮದುವೆ. ಟಿಕ್‌ಗೂ ಎಡಿಎಚ್‌ಡಿಗೂ ಅದನ್ನು ಹೊಣೆ ಮಾಡಬೇಕಿಲ್ಲ. ಇವು ಮನೆತನದಲ್ಲಿ ಹರಿದುಬರುತ್ತವೆ ನಿಜ, ಆದರೆ ದೂರದ ಊರಿನ ಹೆಣ್ಣು ತಂದವರ ಮಕ್ಕಳಲ್ಲೂ ಇವೆ. ಸಂಬಂಧದ ಮದುವೆ ಲೆಕ್ಕಕ್ಕೆ ಬರುವುದು ಅಪ್ಪ ಅಮ್ಮ ಇಬ್ಬರಿಂದಲೂ ಅದೇ ಕೆಟ್ಟ ಜೀನ್ ಬಂದರೆ ಮಾತ್ರ ಆಗುವ ಕಾಯಿಲೆಗಳಲ್ಲಿ. ಅದರಲ್ಲಿ ಒಂದನ್ನು ನಾನು ಯಾವತ್ತೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತೇನೆ, ವಿಲ್ಸನ್ ಕಾಯಿಲೆ. ದೇಹ ತಾಮ್ರವನ್ನು ಹೊರಹಾಕಲಾರದೆ ಅದು ಲಿವರ್ ಮತ್ತು ಮಿದುಳಿನಲ್ಲಿ ಸೇರುತ್ತದೆ. ಚೆನ್ನಾಗಿ ಓದುತ್ತಿದ್ದ ಮಗು ಹಿಂದೆ ಬೀಳುತ್ತದೆ, ಸ್ವಭಾವ ಬದಲಾಗುತ್ತದೆ, ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ. ಮೊದಲೇ ಕಾಮಾಲೆ ಬಂದಿರಬಹುದು. ಕಣ್ಣಿನ ಕಪ್ಪು ಭಾಗದ ಅಂಚಿನಲ್ಲಿ ಕಂದು ಉಂಗುರ ಕಾಣಬಹುದು, ರಕ್ತದಲ್ಲಿ ತಾಮ್ರ ಹೊರುವ ಸೆರುಲೋಪ್ಲಾಸ್ಮಿನ್ ಅನ್ನುವ ಪ್ರೋಟೀನ್ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ಇಷ್ಟು ಒತ್ತಿ ಹೇಳುತ್ತಿರುವುದು ಯಾಕೆಂದರೆ ಇದಕ್ಕೆ ಮದ್ದಿದೆ. ಪೆನಿಸಿಲಮೈನ್, ಜಿಂಕ್. ಬೇಗ ಶುರು ಮಾಡಿದರೆ ಮಗು ಉಳಿಯುತ್ತದೆ, ತಡವಾದರೆ ಹೋದದ್ದೆಲ್ಲ ವಾಪಸ್ ಬರುವುದಿಲ್ಲ.

ಇನ್ನೊಂದು ದಡಾರಕ್ಕೆ ಸಂಬಂಧಿಸಿದ್ದು. ಚಿಕ್ಕವನಿದ್ದಾಗ ದಡಾರ ಬಂದು ಹೋಗಿ, ಹಲವು ವರ್ಷ ಕಳೆದ ಮೇಲೆ ಓದು ಕುಸಿದು, ಆಮೇಲೆ ಮೈ ನಿಗದಿತ ಅಂತರದಲ್ಲಿ ಜಗ್ಗಿದಂತಾಗಿ ಮಗು ಬೀಳಲು ಶುರು ಮಾಡಿದರೆ ಅದು ದಡಾರದ ವೈರಸ್ಸು ಮಿದುಳಿನಲ್ಲಿ ಉಳಿದು ತರುವ ಕಾಯಿಲೆ, ಎಸ್‌ಎಸ್‌ಪಿಇ. ಅದು ವಾಸಿಯಾಗುವ ಕಾಯಿಲೆಯಲ್ಲ. ತಡೆಯಲು ಇರುವುದು 9 ತಿಂಗಳು ತುಂಬಿದ ಮೇಲೆ ಮತ್ತು 16ರಿಂದ 24 ತಿಂಗಳ ನಡುವೆ ಕೊಡುವ ಲಸಿಕೆ. ಇನ್ನು, ಕೆಲವೇ ದಿನಗಳಲ್ಲಿ ಮಗು ನಿದ್ದೆ ಬಿಟ್ಟು, ಅಸಂಬದ್ಧ ಮಾತಾಡಿ, ಬಾಯಿ ನಾಲಿಗೆ ವಿಚಿತ್ರವಾಗಿ ಆಡಿಸುತ್ತಾ, ಫಿಟ್ಸ್ ಬಂದರೆ ಅದು ಗಾಳಿ ಸೋಕಿದ್ದಲ್ಲ. ಆಟೋಇಮ್ಯೂನ್ ಎನ್ಸೆಫಲೈಟಿಸ್ (ದೇಹದ ರೋಗನಿರೋಧಕ ಶಕ್ತಿಯೇ ಮಿದುಳಿನ ಮೇಲೆ ತಿರುಗಿಬೀಳುವುದು) ಇರಬಹುದು, 2007ರಲ್ಲಿ ಗುರುತಿಸಿದ ಎನ್‌ಎಂಡಿಎ ಆ್ಯಂಟಿಬಾಡಿಯ ಬಗೆ ಮಕ್ಕಳಲ್ಲೂ ಬರುತ್ತದೆ, ಆಸ್ಪತ್ರೆಗೆ ಸೇರಿಸಿ ಚಿಕಿತ್ಸೆ ಕೊಟ್ಟರೆ ಬಹಳ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನಿಮ್ಮ ಮಗನಲ್ಲಿ ಇದ್ಯಾವುದರ ಸುಳಿವೂ ಪತ್ರದಲ್ಲಿಲ್ಲ. ತಾಯತ ಇದ್ದರೆ ಇರಲಿ, ಅತ್ತೆಯವರ ಸಮಾಧಾನಕ್ಕೆ. ಅದರ ನೆಪದಲ್ಲಿ ಆಸ್ಪತ್ರೆ ತಪ್ಪಬಾರದು, ಅಷ್ಟೇ.

ತಲೆ ಸ್ಕ್ಯಾನ್ ಬೇಡ, ಸದ್ಯಕ್ಕೆ. ಟಿಕ್, ಎಡಿಎಚ್‌ಡಿ, ಒಸಿಡಿ, ಆಟಿಸಂ ಯಾವುದೂ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ದುಡ್ಡು ದಂಡ. ಬೇಕಾಗಿರುವುದು ಇಇಜಿ, ಕಿವಿ ಪರೀಕ್ಷೆ, ಕಬ್ಬಿಣ ಮತ್ತು ಥೈರಾಯ್ಡಿನ ರಕ್ತ ಪರೀಕ್ಷೆ, ಆಮೇಲೆ ಸಾವಧಾನವಾಗಿ ಕೂತು ಮಾತಾಡುವ ಒಬ್ಬರು. ಮಂಡ್ಯದಲ್ಲೇ ಮಿಮ್ಸ್ ಆಸ್ಪತ್ರೆಯ ಮಕ್ಕಳ ವಿಭಾಗ, ಮನೋರೋಗ ವಿಭಾಗದಿಂದ ಶುರು ಮಾಡಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಕಿವಿ, ಮಾತಿನ ಪರೀಕ್ಷೆ ಅಲ್ಲೇ ಆಗುತ್ತದೆ. ಅದರಲ್ಲೂ ಬಗೆಹರಿಯದಿದ್ದರೆ ಬೆಂಗಳೂರಿನ ನಿಮ್ಹಾನ್ಸ್, ಅಲ್ಲಿ ಮಕ್ಕಳಿಗೇ ಬೇರೆ ಮನೋವೈದ್ಯ ವಿಭಾಗ ಇದೆ. ಮಧ್ಯದಲ್ಲಿ ಯಾರೊಂದಿಗಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಹೋಗುವಾಗ ಫೋನಿನಲ್ಲಿ ವಿಡಿಯೋ ತೆಗೆದುಕೊಂಡು ಹೋಗಿ, ಅವನಿಗೆ ಗೊತ್ತಾಗದ ಹಾಗೆ. ಎಲ್ಲೋ ನೋಡುವಾಗಿನದು ಒಂದು, ಸದ್ದು ಮಾಡುವಾಗಿನದು ಒಂದು, ಬರೆಯುತ್ತಾ ಅಳಿಸುವಾಗಿನದು ಒಂದು. ಹೋದ ವರ್ಷದ, ಈ ವರ್ಷದ ನೋಟ್‌ಬುಕ್ ಎರಡೂ ಇರಲಿ. ಶಾಲೆಯ ಡೈರಿ ಇರಲಿ. ಆದರೆ ‘ಎಡಿಎಚ್‌ಡಿ ಅಂದಿದ್ದಾರೆ’ ಅಂತ ಮಾತು ಶುರು ಮಾಡಬೇಡಿ, ಏನು ಕಂಡಿರೋ ಅದನ್ನು ಮಾತ್ರ ಹೇಳಿ.

ಕೊನೆಗೆ ಆ ಮಾತ್ರೆ. ಅದು ಮೀಥೈಲ್‌ಫೆನಿಡೇಟ್ ಆಗಿದ್ದರೆ ಅದರ ಬಗ್ಗೆ ನನಗೆ ವಿರೋಧ ಇಲ್ಲ, ಒಳ್ಳೆಯ ಮಾತ್ರೆ. ಹಸಿವು ಕಡಿಮೆಯಾಗುತ್ತದೆ, ನಿದ್ದೆ ಸ್ವಲ್ಪ ತಡವಾಗಬಹುದು. ಟಿಕ್ ಇರುವವರಿಗೆ ಕೊಡಲೇಬಾರದು ಅನ್ನುವ ಹಳೆಯ ಹೆದರಿಕೆಯೂ ಈಗ ಹೆಚ್ಚುಕಮ್ಮಿ ಹೋಗಿದೆ. ಆದರೆ ‘ಕೊಟ್ಟು ನೋಡೋಣ, ಗುಣವಾದರೆ ಎಡಿಎಚ್‌ಡಿ’ ಅನ್ನುವುದು ತಪ್ಪು ದಾರಿ. ಅದನ್ನು ತೆಗೆದುಕೊಂಡರೆ ಕಾಯಿಲೆ ಇಲ್ಲದ ಮಗುವಿನ ಗಮನವೂ ಸ್ವಲ್ಪ ಹೆಚ್ಚುತ್ತದೆ. ಇಇಜಿ ಸರಿ ಇದ್ದು, ಕಿವಿ ಸರಿ ಇದ್ದು, ರಬ್ಬರಿನ ಪ್ರಶ್ನೆಗೆ ಅವನು ಉತ್ತರ ಕೊಟ್ಟ ಮೇಲೂ ಮನೆ ಶಾಲೆ ಎರಡೂ ಕಡೆ ಗಮನದ ತೊಂದರೆ ಉಳಿದರೆ, ಆಗ ಅದೇ ಡಾಕ್ಟರ ಹತ್ತಿರ ಈ ರಿಪೋರ್ಟುಗಳನ್ನೆಲ್ಲ ಹಿಡಿದುಕೊಂಡು ಹೋಗಿ ಶುರು ಮಾಡಿ. ಇಇಜಿಯಲ್ಲಿ ಆಬ್ಸೆನ್ಸ್ ಬಂದರೆ ಮೊದಲು ಅದರ ಚಿಕಿತ್ಸೆ, ಇದು ಆಮೇಲೆ.